ನಿಂತ ಬೈಕ್‌ನಲ್ಲಿ ಪೆಟ್ರೋಲ್ ಎಲ್ಲಿ ನಿಂತಿತು?

ಎರಡು ಮಳೆಗಾಲ ಮನೆ ಹಿಂದಿನ ಕೊಟ್ಟಿಗೆಯಲ್ಲಿ ನಿಂತಿದ್ದ ಬೈಕ್ ಅದು. ನೂರು ಸಿಸಿಯ, ಕಿಕ್ಕರ್ ಇರುವ, ಕಾರ್ಬೋರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಕಾಲದ ಗಾಡಿ. ನಾನು ಕೆಲಸಕ್ಕೆಂದು ಪುಣೆಗೆ ಹೋದೆ. ಅಪ್ಪನಿಗೆ ಕಿಕ್ ಹೊಡೆಯಲು ಮೊಣಕಾಲು ಬಿಡಲಿಲ್ಲ. ಗಾಡಿಯ ಮೇಲೆ ಅಡಿಕೆ ಚೀಲ ಬಿತ್ತು. ರಜೆಗೆ ಬಂದವನು ಚೀಲ ಸರಿಸಿ, ದೂಳು ಒರೆಸಿ, ಚೋಕ್ ಎಳೆದು ಕಿಕ್ ಹೊಡೆದೆ. ಹತ್ತು, ಇಪ್ಪತ್ತು, ನಲವತ್ತು. ನನಗೆ ಬೆವರು ಬಂತು, ಗಾಡಿ ಕೆಮ್ಮಲೂ ಇಲ್ಲ.

ಪೇಟೆಯ ಮೆಕ್ಯಾನಿಕ್ ಅಣ್ಣನಿಗೆ ಫೋನ್ ಮಾಡಿದೆ. "ಕಾರ್ಬೋರೇಟರ್ ಬಿಚ್ಚಲಾ ಅಣ್ಣ?"

"ಪ್ಲಗ್ ಬಿಚ್ಚಿ ನೋಡಿದ್ಯಾ?"

ಇಲ್ಲ ಅಂದೆ.

"ಮತ್ತೆ ಕಾರ್ಬೋರೇಟರ್ ಯಾಕೆ ಬಿಚ್ತೀಯ? ಅದು ಏನು ತಪ್ಪು ಮಾಡಿದೆ ಅಂತ ಗೊತ್ತಾಯ್ತಾ?"

ಮಾತು ಸರಿಯೇ. ಗದ್ದೆಗೆ ನೀರು ಬರಲಿಲ್ಲ ಅಂದರೆ ನೀರಗಂಟಿ ಗದ್ದೆ ಅಗೆಯಲು ಹೋಗುವುದಿಲ್ಲ. ಕೆರೆಯಿಂದ ಶುರು ಮಾಡಿ ತೂಬು, ಕಾಲುವೆ, ಕವಲು ಎಲ್ಲ ನೋಡುತ್ತಾ ನಡೆದು ಬರುತ್ತಾನೆ. ನೀರು ಎಲ್ಲಿಯವರೆಗೆ ಇದೆ, ಎಲ್ಲಿಂದ ಮುಂದೆ ಇಲ್ಲ ಅನ್ನುವುದು ಗೊತ್ತಾದರೆ ಸಾಕು. ಕಟ್ಟಿಕೊಂಡಿರುವುದು ಆ ಎರಡರ ನಡುವೆ. ಬೈಕ್‌ನಲ್ಲಿ ಟ್ಯಾಂಕ್ ಕೆರೆ, ಪೆಟ್ರೋಲ್ ಕಾಕ್ ತೂಬು, ಪೈಪ್ ಕಾಲುವೆ, ಎಂಜಿನ್ ಕೊನೆಯ ಗದ್ದೆ. ಪೂರ್ತಿ ದಾರಿ ಒಂದು ಮೊಳ ಉದ್ದವೂ ಇಲ್ಲ. ಆದರೂ ನಾವು ಮೊದಲು ಕೈ ಹಾಕುವುದು ಕಷ್ಟದ ಜಾಗಕ್ಕೇ.

ಮೊದಲು ಪ್ಲಗ್

ಎಂಜಿನ್ ಒಳಗೆ ಕಿಡಿ ಹೊತ್ತಿಸುವುದು ಪ್ಲಗ್. ಹತ್ತು ಕಿಕ್ ಹೊಡೆದ ಮೇಲೆ ಅದನ್ನು ಬಿಚ್ಚಿ, ತುದಿ ನೋಡಿ. ಒದ್ದೆಯಾಗಿದ್ದು ಪೆಟ್ರೋಲ್ ವಾಸನೆ ಬಂದರೆ, ಪೆಟ್ರೋಲ್ ಎಂಜಿನ್ ತಲುಪುತ್ತಿದೆ. ಆಗ ಕಿಡಿ ಬರುತ್ತಿಲ್ಲ, ಇಲ್ಲವೇ ಪೆಟ್ರೋಲ್ ಅತಿಯಾಗಿ ಬಂದು ಪ್ಲಗ್ ಮುಳುಗಿದೆ, ಇಲ್ಲವೇ ಆ ಪೆಟ್ರೋಲೇ ಹಾಳಾಗಿದೆ. ಒಣಗಿದ್ದರೆ ಪೆಟ್ರೋಲ್ ಬರುತ್ತಲೇ ಇಲ್ಲ. ನನ್ನದು ಹಪ್ಪಳದ ಹಾಗೆ ಒಣಗಿತ್ತು.

ಇದನ್ನು ಖಚಿತ ಮಾಡಿಕೊಳ್ಳಲು ಒಂದು ಹಳೆಯ ಉಪಾಯವಿದೆ. ಪ್ಲಗ್ ತೂತಿನೊಳಗೆ ಅರ್ಧ ಚಮಚ ಹೊಸ ಪೆಟ್ರೋಲ್ ಹಾಕಿ, ಪ್ಲಗ್ ತಿರುಗಿಸಿ ಕೂರಿಸಿ, ಕಿಕ್ ಹೊಡೆಯಿರಿ. ನನ್ನ ಗಾಡಿ ಡಗ್ ಡಗ್ ಡಗ್ ಅಂದು ಸುಮ್ಮನಾಯಿತು. ಆ ಮೂರೇ ಸದ್ದಿಗೆ ಅರ್ಧ ಪರೀಕ್ಷೆ ಮುಗಿಯಿತು. ಕಿಡಿ ಇದೆ, ಕಂಪ್ರೆಷನ್ (ಎಂಜಿನ್ ಒಳಗೆ ಗಾಳಿ ಒತ್ತುವ ಶಕ್ತಿ) ಇದೆ. ಇಲ್ಲದ್ದು ಪೆಟ್ರೋಲ್ ಒಂದೇ. (ಪ್ಲಗ್ ಹೊರಗಿಟ್ಟು ಕಿಡಿ ನೋಡುವ ಅಭ್ಯಾಸ ಹಲವರಿಗಿದೆ. ಪೆಟ್ರೋಲ್ ಹಾಕಿದ ತೂತಿನ ಪಕ್ಕದಲ್ಲಿ ಅದನ್ನು ಮಾಡಲೇಬೇಡಿ. ಈ ಕೆಲಸವೆಲ್ಲ ಬಯಲಲ್ಲೇ ಆಗಬೇಕು. ಬೀಡಿ ಸೇದುವ ಸಲಹೆಗಾರರು ಹತ್ತು ಹೆಜ್ಜೆ ಆಚೆ ನಿಂತು ಸಲಹೆ ಕೊಡಲಿ.)

ಪೆಟ್ರೋಲ್ ಹಳಸುವುದು ಅಂದರೆ ಏನು

ಪೆಟ್ರೋಲ್ ಒಂದೇ ವಸ್ತು ಅಲ್ಲ. ನೂರಾರು ಬಗೆಯ ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅದರಲ್ಲಿ ಹಗುರವಾದವು ಬೇಗ ಆವಿಯಾಗುತ್ತವೆ. ತಣ್ಣಗಿರುವ ಎಂಜಿನ್ ಹತ್ತಿಕೊಳ್ಳುವುದು ಇವುಗಳ ದೆಸೆಯಿಂದಲೇ. ಗಾಡಿ ನಿಂತಾಗ ಮೊದಲು ಹಾರಿಹೋಗುವುದೂ ಇವೇ. ಉಳಿದ ಪೆಟ್ರೋಲ್ ನೋಡಲು ಪೆಟ್ರೋಲೇ, ಆದರೆ ತಣ್ಣನೆಯ ಎಂಜಿನ್‌ನಲ್ಲಿ ಸುಲಭವಾಗಿ ಹೊತ್ತುವುದಿಲ್ಲ. ಇನ್ನು ಕೆಲವು ಅಂಶಗಳು ಗಾಳಿಯ ಆಮ್ಲಜನಕದ ಜೊತೆ ಸೇರಿ ಅಂಟಾಗುತ್ತವೆ. ಬಾಣಲೆಯ ತಳದಲ್ಲಿ ಬಿಟ್ಟ ಬೆಲ್ಲದ ಪಾಕ ಮರುದಿನ ಹೇಗಿರುತ್ತದೆ? ಕಾರ್ಬೋರೇಟರ್ ತಳದಲ್ಲೂ ಅದೇ ಬಣ್ಣ, ಅದೇ ಹಟ.

ಟ್ಯಾಂಕ್‌ನಲ್ಲಿ ಲೀಟರ್‌ಗಟ್ಟಲೆ ಇರುತ್ತದೆ, ಹಾಗಾಗಿ ಅದು ಕೆಡಲು ತಿಂಗಳುಗಳು ಬೇಕು. ಕಾರ್ಬೋರೇಟರ್ ತಳದ ಪುಟ್ಟ ಬಟ್ಟಲಿನಲ್ಲಿ, ಅಂದರೆ ಬೌಲ್‌ನಲ್ಲಿ ಇರುವುದು ಕಾಫಿ ಲೋಟದ ತಳ ಮುಚ್ಚುವಷ್ಟು. ಅದು ಬೇಗ ಆರಿ, ಅಂಟು ಮಾತ್ರ ಉಳಿಯುತ್ತದೆ. ದೊಡ್ಡ ಪಾತ್ರೆಯ ಹಾಲಿಗಿಂತ ಚಮಚದ ಹಾಲು ಬೇಗ ಒಣಗುತ್ತದಲ್ವಾ, ಹಾಗೆ.

ಇದರ ಮೇಲೆ ಈಗ ಎಥನಾಲ್ ಸೇರಿಕೊಂಡಿದೆ. ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲ್ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಎಥನಾಲ್‌ಗೆ ನೀರು ಅಂದರೆ ಇಷ್ಟ, ಗಾಳಿಯ ತೇವವನ್ನೂ ಹೀರುತ್ತದೆ. ಸ್ವಲ್ಪ ನೀರಾದರೆ ತನ್ನೊಳಗೆ ಕರಗಿಸಿಕೊಂಡು ಪೆಟ್ರೋಲ್ ಜೊತೆ ಉರಿಯುತ್ತದೆ. ಅದು ನಿಜವಾಗಿ ಅನುಕೂಲವೇ. ನೀರು ಮಿತಿ ಮೀರಿದರೆ ಮಾತ್ರ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಹೊರಟುಬಿಡುತ್ತದೆ. ಎರಡೂ ಸೇರಿ ಟ್ಯಾಂಕ್ ತಳದಲ್ಲಿ ಬೇರೆ ಪದರವಾಗಿ ಕೂರುತ್ತವೆ. ಪೆಟ್ರೋಲ್ ಎಳೆಯುವ ಒಂದು ತೂತು ಇರುವುದೂ ಅದೇ ತಳದಲ್ಲಿ. ನಾಲ್ಕು ತಿಂಗಳು ಬಟ್ಟೆ ಒಣಗದ ಮಲೆನಾಡಿನಲ್ಲಿ ಗಾಡಿ ನಿಲ್ಲಿಸುವವರು ಇದನ್ನು ಮರೆಯುವ ಹಾಗಿಲ್ಲ.

ಕೆರೆ, ತೂಬು, ಕಾಲುವೆ

ಟ್ಯಾಂಕ್ ಮುಚ್ಚಳ ತೆಗೆದು ಮೂಸಿ ನೋಡಿ. ಹೊಸ ಪೆಟ್ರೋಲ್ ಮೂಗಿಗೆ ಚುರುಕಾಗಿ ಹೊಡೆಯುತ್ತದೆ. ಹಳಸಿದ್ದು ಮರಗೆಲಸದವರ ವಾರ್ನಿಷ್ ಡಬ್ಬದ ಹಾಗೆ ಹುಳಿಹುಳಿ ವಾಸನೆ ಬರುತ್ತದೆ. ಆಮೇಲೆ ಟಾರ್ಚ್ ಬಿಟ್ಟು ಒಳಗೆ ನೋಡಿ. ಗೋಡೆ ಕೆಂಪಗೆ ಕಂಡರೆ ತುಕ್ಕು. ಅರ್ಧ ಖಾಲಿ ಇಟ್ಟ ಟ್ಯಾಂಕ್‌ಗಳಿಗೆ ಇದು ಜಾಸ್ತಿ. ಖಾಲಿ ಜಾಗದ ತೇವ ರಾತ್ರಿ ತಣ್ಣಗಾದ ತಗಡಿನ ಮೇಲೆ ಹನಿಗಟ್ಟುತ್ತದೆ.

ಈಗ ಕಾರ್ಬೋರೇಟರ್‌ಗೆ ಹೋಗುವ ರಬ್ಬರ್ ಪೈಪ್ ತುದಿ ಬಿಡಿಸಿ, ಒಂದು ಪಾರದರ್ಶಕ ಗಾಜಿನ ಬಾಟಲಿಗೆ ಇಳಿಬಿಟ್ಟು, ಕಾಕ್ ತೆಗೆಯಿರಿ. ಈ ಒಂದು ಬಾಟಲಿ ಎರಡು ವಿಷಯ ಹೇಳುತ್ತದೆ.

ಮೊದಲನೆಯದು ಹರಿವು. ಲೀಟರಿಗೆ 60 ಕಿಲೋಮೀಟರ್ ಕೊಡುವ ಬೈಕ್ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋದರೆ ಗಂಟೆಗೆ ಒಂದು ಲೀಟರ್ ಕುಡಿಯುತ್ತದೆ. ನಿಮಿಷಕ್ಕೆ 17 ಮಿಲಿಲೀಟರ್, ಅಂದರೆ ಮೂರೂವರೆ ಟೀ ಚಮಚ, ಅಷ್ಟೇ. ಸರಿಯಿರುವ ಕಾಕ್‌ನಿಂದ ಅದಕ್ಕಿಂತ ಎಷ್ಟೋ ಜಾಸ್ತಿ, ಕಡ್ಡಿ ದಪ್ಪದ ಧಾರೆಯಾಗಿ ಬೀಳಬೇಕು. ತೊಟ್ಟು ತೊಟ್ಟು ಬೀಳುತ್ತಿದ್ದರೆ ಕಾಕ್‌ನ ಜಾಲರಿ ಕಟ್ಟಿದೆ. ಇಲ್ಲವೇ ನಡುವೆ ಫಿಲ್ಟರ್ ಇದ್ದರೆ ಅದು ತುಂಬಿದೆ. ಧಾರೆ ಶುರುವಾಗಿ ನಿಧಾನಕ್ಕೆ ಸಣ್ಣಗಾದರೆ ಅದರ ಕತೆ ಬೇರೆ, ಮುಂದೆ ಬರುತ್ತದೆ.

ಎರಡನೆಯದು ಬಾಟಲಿಯೊಳಗಿನ ನೋಟ. ಹತ್ತು ನಿಮಿಷ ಅಲುಗಾಡಿಸದೆ ಬಿಡಿ. ಪೆಟ್ರೋಲ್ ಲೀಟರಿಗೆ ಸುಮಾರು 720ರಿಂದ 775 ಗ್ರಾಂ ತೂಗುತ್ತದೆ. ಬಂಕ್‌ನಲ್ಲಿ ಡೆನ್ಸಿಟಿ ಅಂತ ತೋರಿಸುವ ಸಂಖ್ಯೆ ಇದೇ. ನೀರು 1000 ಗ್ರಾಂ. ಹಾಗಾಗಿ ನೀರಿದ್ದರೆ ಕೆಳಗೆ ಗೆರೆ ಎಳೆದ ಹಾಗೆ ಬೇರೆ ಕಾಣುತ್ತದೆ. ತುಕ್ಕು ಕುಂಕುಮದ ಪುಡಿಯ ಹಾಗೆ ತಳದಲ್ಲಿ ಕೂರುತ್ತದೆ. ನನ್ನ ಬಾಟಲಿಯಲ್ಲಿ ಎರಡೂ ಇದ್ದವು. ಪೆಟ್ರೋಲ್ ಬಣ್ಣ ಡಿಕಾಕ್ಷನ್ ತೊಳೆದ ನೀರಿನ ಹಾಗಿತ್ತು.

ಕಾಕ್ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. 'ಆನ್' ಮಾಡಿದಾಗ ಪೆಟ್ರೋಲ್ ಬರುವುದು ಟ್ಯಾಂಕ್ ಒಳಗೆ ಎದ್ದು ನಿಂತ ಒಂದು ಸಣ್ಣ ಕೊಳವೆಯ ತುದಿಯಿಂದ. 'ರಿಸರ್ವ್' ಮಾಡಿದಾಗ ಬುಡದಿಂದ. ತುಕ್ಕು, ನೀರು, ಕಸ ಎಲ್ಲ ಕೂತಿರುವುದು ಬುಡದಲ್ಲಿ. ನಿಂತ ಗಾಡಿಗೆ ಪೆಟ್ರೋಲ್ ಬರುತ್ತಿಲ್ಲ ಅಂತ ಮೊದಲು ರಿಸರ್ವ್‌ಗೆ ತಿರುಗಿಸಿದರೆ ಆ ರಾಡಿಯನ್ನೆಲ್ಲ ನಾವೇ ಕಾರ್ಬೋರೇಟರ್‌ಗೆ ಕಳಿಸಿದ ಹಾಗೆ. ನಾನು ಮಾಡಿದ್ದು ಅದನ್ನೇ.

ಕೆಲವು ಸ್ಕೂಟರ್, ಬೈಕ್‌ಗಳಲ್ಲಿ ಕಾಕ್ ತಾನಾಗಿ ತೆರೆಯುವುದು ಎಂಜಿನ್ ಗಾಳಿ ಎಳೆದಾಗ ಮಾತ್ರ. ಅಂಥವುಗಳಲ್ಲಿ ಸುಮ್ನೆ ಪೈಪ್ ಬಿಡಿಸಿದರೆ ಹನಿಯೂ ಬೀಳುವುದಿಲ್ಲ, ಗಾಬರಿ ಬೇಡ. ಕಾಕ್‌ಗೆ ಬರುವ ಎರಡನೆಯ ಸಣ್ಣ ಪೈಪ್ ಹೊರಗಿನ ಗಾಳಿ ಎಳೆಯದ ಹಾಗೆ ಗಟ್ಟಿಯಾಗಿ ಕೂತಿದೆಯೇ, ಬಿರಿದಿದೆಯೇ ನೋಡಿ.

ತುಕ್ಕು ತೆಳ್ಳಗಿದ್ದರೆ ಟ್ಯಾಂಕ್ ಇಳಿಸಿ, ಕಾಕ್ ಬಿಚ್ಚಿ, ವಿನಿಗರ್ ತುಂಬಿ ಒಂದೆರಡು ದಿನ ಬಿಡಬಹುದು. ಆಮೇಲೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಕೂಡಲೇ ಪೆಟ್ರೋಲ್ ಹಾಕಿ ಕುಲುಕಿ. ಒಣಗಿಸಿ ಹಾಗೇ ಬಿಟ್ಟರೆ ಸಂಜೆಯೊಳಗೆ ಮತ್ತೆ ಕೆಂಪು. ತಗಡು ತೂತಾಗುವಷ್ಟು ತಿಂದಿದ್ದರೆ ಟ್ಯಾಂಕ್ ಬದಲಿಸುವುದೇ ಸರಿ.

ಬೌಲ್ ಮತ್ತು ಅದರ ಚೆಂಡು

ಟ್ಯಾಂಕ್ ತೊಳೆದು, ಹೊಸ ಪೆಟ್ರೋಲ್ ಹಾಕಿ, ಪೈಪ್ ಜೋಡಿಸಿದೆ. ಆದರೂ ಪ್ಲಗ್ ಒಣ.

ಕಾರ್ಬೋರೇಟರ್ ತಳದಲ್ಲಿ ಒಂದು ಸಣ್ಣ ಡ್ರೇನ್ ಸ್ಕ್ರೂ ಇರುತ್ತದೆ. ಅದನ್ನು ಸಡಿಲಿಸಿದರೆ ಬೌಲ್‌ನ ಪೆಟ್ರೋಲ್ ಹೊರಗೆ ಬರುತ್ತದೆ. ಕಾಕ್ ತೆರೆದಿದ್ದರೆ ಹರಿಯುತ್ತಲೇ ಇರಬೇಕು. ಇದು ನನಗೆ ಬಹಳ ಇಷ್ಟವಾದ ಪರೀಕ್ಷೆ. ಏನೂ ಬಿಚ್ಚದೆ ದಾರಿಯ ಮುಕ್ಕಾಲು ಭಾಗ ಗೊತ್ತಾಗುತ್ತದೆ. ನನ್ನದರಲ್ಲಿ ಎರಡು ಕಂದು ಹನಿ ಬಿದ್ದು ನಿಂತಿತು. ಪೈಪ್‌ವರೆಗೆ ಪೆಟ್ರೋಲ್ ಇದೆ, ಬೌಲ್‌ನಲ್ಲಿ ಇಲ್ಲ. ನಡುವೆ ಇರುವುದು ಒಂದೇ: ಫ್ಲೋಟ್‌ನ ಸೂಜಿ.

ಮನೆಯ ಓವರ್‌ಹೆಡ್ ಟ್ಯಾಂಕ್‌ನಲ್ಲಿ ನೀರು ತುಂಬಿದಾಗ ಚೆಂಡು ಮೇಲೆದ್ದು ನಲ್ಲಿ ಮುಚ್ಚುತ್ತದಲ್ಲ, ಅದೇ ಏರ್ಪಾಡು ಇಲ್ಲೂ. ಬೌಲ್‌ನಲ್ಲಿ ಪೆಟ್ರೋಲ್ ಏರಿದರೆ ಫ್ಲೋಟ್ ತೇಲಿ ಸೂಜಿಯನ್ನು ಒತ್ತುತ್ತದೆ, ದಾರಿ ಬಂದ್. ಇಳಿದರೆ ಮತ್ತೆ ತೆರೆಯುತ್ತದೆ. ಕಾಕ್ ತೆಗೆಯಲು ಮರೆತು ಹೊರಟವರಿಗೆ ಗಾಡಿ ಸ್ವಲ್ಪ ದೂರ ಹೋಗಿ ನಿಂತ ಅನುಭವ ಇರುತ್ತದೆ. ಆ ದೂರ ಓಡಿದ್ದು ಬೌಲ್‌ನಲ್ಲಿದ್ದ ಪೆಟ್ರೋಲಿನಿಂದ.

ಗಾಡಿ ನಿಂತಾಗ ಅಂಟು ಈ ಸೂಜಿಯನ್ನು ಅದರ ಗೂಡಿಗೆ ಅಂಟಿಸಿಬಿಡುತ್ತದೆ. ಸ್ಕ್ರೂಡ್ರೈವರ್ ಹಿಡಿಕೆಯಿಂದ ಬೌಲ್ ಪಕ್ಕ ಮೆಲ್ಲಗೆ ತಟ್ಟಿದರೆ ಎಷ್ಟೋ ಸಲ ಬಿಟ್ಟುಕೊಳ್ಳುತ್ತದೆ. ನನ್ನದು ಬಿಡಲಿಲ್ಲ. ಆಗ ಕಾರ್ಬೋರೇಟರ್ ಬಿಚ್ಚಲು ಕಾರಣ ಸಿಕ್ಕಿತು.

ಬೌಲ್ ತೆಗೆದಾಗ ತಳದಲ್ಲಿ ಕಂದು ಹಪ್ಪಳೆ, ಅಂಚಿನಲ್ಲಿ ಹಿತ್ತಾಳೆ ಕಿಲುಬಿನ ಹಸಿರು. ಸೂಜಿ ಬಿಡಿಸಿ ಒರೆಸಿದೆ. ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಹಿತ್ತಾಳೆ ತುಂಡುಗಳೇ ಜೆಟ್. ದೊಡ್ಡ ಜೆಟ್ ಎತ್ತಿ ಆಕಾಶಕ್ಕೆ ಹಿಡಿದೆ, ಬೆಳಕು ಕಂಡಿತು. ಸಣ್ಣ ಜೆಟ್ ಒಳಗೆ ಹುದುಗಿರುತ್ತದೆ, ಸರಿಯಾದ ಸ್ಕ್ರೂಡ್ರೈವರ್ ಬೇಕು. ಇರಲಿ ಬಿಡು ಅಂತ ಜೋಡಿಸಿಬಿಟ್ಟೆ. ಸೋಮಾರಿತನಕ್ಕೆ ಶಿಕ್ಷೆ ಹತ್ತು ನಿಮಿಷದಲ್ಲೇ ಸಿಕ್ಕಿತು. ಮೂರನೇ ಕಿಕ್‌ಗೆ ಗಾಡಿ ಸ್ಟಾರ್ಟ್ ಆಯಿತು, ಅಮ್ಮ ಅಡುಗೆಮನೆಯಿಂದ ಓಡಿ ಬಂದರು. ಚೋಕ್ ಒಳಗೆ ತಳ್ಳಿದೆ, ಆಫ್. ಮತ್ತೆ ಚೋಕ್ ಎಳೆದರೆ ಓಡುತ್ತದೆ, ತಳ್ಳಿದರೆ ಸಾಯುತ್ತದೆ.

ಗಾಡಿ ಆಡುವ ಮಾತು

ಈ ಲಕ್ಷಣ ಕಂಡರೆ ಮೆಕ್ಯಾನಿಕ್‌ಗಳು ಹೆಚ್ಚು ಯೋಚಿಸುವುದಿಲ್ಲ. 1 ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಚೋಕ್ ಎಳೆದರೆ ಗಾಳಿ ಕಡಿಮೆಯಾಗಿ ಪೆಟ್ರೋಲ್ ಪಾಲು ಏರುತ್ತದೆ. ಚೋಕ್‌ನಲ್ಲಿ ಮಾತ್ರ ಓಡುವ ಗಾಡಿಗೆ ಪೆಟ್ರೋಲ್ ಸಾಲುತ್ತಿಲ್ಲ, ಗಾಳಿ ಕಡಿಮೆ ಮಾಡಿ ಹೇಗೋ ಸರಿದೂಗಿಸುತ್ತಿದ್ದೀರಿ ಅಂತ ಅರ್ಥ. ಆಕ್ಸಿಲರೇಟರ್ ತಿರುಗಿಸದೆ ಬಿಟ್ಟಾಗ ಪೆಟ್ರೋಲ್ ಕೊಡುವುದು ಪೈಲಟ್ ಜೆಟ್, ನಾನು ಮುಟ್ಟದೆ ಬಿಟ್ಟ ಅದೇ ಸಣ್ಣ ಜೆಟ್. ಅದರ ತೂತು ಅರ್ಧ ಮಿಲಿಮೀಟರಿಗಿಂತ ಸಣ್ಣದು. ಅಂಟು ಮೊದಲು ಮುಚ್ಚುವುದು ಅದನ್ನೇ.

ಇದಕ್ಕೆ ತದ್ವಿರುದ್ಧವೂ ಆಗುತ್ತದೆ. ನಿಂತಲ್ಲಿ ಚೆನ್ನಾಗಿ ಓಡುತ್ತದೆ, ರಸ್ತೆಗಿಳಿದು ಪೂರ್ತಿ ರೇಸ್ ಕೊಟ್ಟಾಗ ಮುಕ್ಕರಿಸುತ್ತದೆ. ಅದು ದೊಡ್ಡ ಜೆಟ್, ಅಂದರೆ ಮೇನ್ ಜೆಟ್ ಕಟ್ಟಿದ್ದರ ಗುರುತು. ಬೌಲ್‌ಗೆ ಬರುವ ಹರಿವು ಸಾಲದಿದ್ದರೂ ಹೀಗೇ ಆಗುತ್ತದೆ. ವ್ಯತ್ಯಾಸ ಕಂಡುಹಿಡಿಯುವುದು ಸುಲಭ. ಜೆಟ್ ಕಟ್ಟಿದ್ದರೆ ರೇಸ್ ಕೊಟ್ಟ ಕೂಡಲೇ ಮುಕ್ಕರಿಸುತ್ತದೆ. ಹರಿವು ಸಾಲದಿದ್ದರೆ ಮೊದಲು ಚೆನ್ನಾಗಿ ಎಳೆದು, ಬೌಲ್ ಖಾಲಿಯಾಗುತ್ತಿದ್ದ ಹಾಗೆ ಸೊರಗುತ್ತದೆ.

ಚೋಕ್ ಲಕ್ಷಣದಲ್ಲಿ ಒಂದು ಮೋಸವೂ ಇದೆ. ಕಾರ್ಬೋರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಒಣಗಿ ಬಿರುಕು ಬಿಟ್ಟಿದ್ದರೆ ಅಲ್ಲಿಂದ ಕಳ್ಳಗಾಳಿ ನುಗ್ಗಿ ಇದೇ ಲಕ್ಷಣ ತೋರಿಸುತ್ತದೆ. ಗಾಡಿ ಓಡುತ್ತಿರುವಾಗ ಆ ಜಾಗಕ್ಕೆ ಸೋಪಿನ ನೀರು ಹಚ್ಚಿ. ಎಂಜಿನ್ ಸದ್ದು ಬದಲಾದರೆ ಪೈಲಟ್ ಜೆಟ್ ನಿರಪರಾಧಿ.

ನಾನು ಮತ್ತೆ ಬಿಚ್ಚಿದೆ. ಪೈಲಟ್ ಜೆಟ್ ಆಕಾಶಕ್ಕೆ ಹಿಡಿದರೆ ಕತ್ತಲೆ. ಸೂಜಿ, ಪಿನ್ನು ಹಾಕಿ ಚುಚ್ಚಬೇಡಿ. ಜೆಟ್ ಹಿತ್ತಾಳೆಯದು, ಉಕ್ಕಿನ ಪಿನ್ನು ತೂತನ್ನು ಅಗಲ ಮಾಡಿದರೆ ಮೈಲೇಜ್ ಶಾಶ್ವತವಾಗಿ ಹೋಯಿತು. ರಾತ್ರಿಯಿಡೀ ಕಾರ್ಬೋರೇಟರ್ ಕ್ಲೀನರ್‌ನಲ್ಲಿ ನೆನೆಹಾಕಿ, ಬೆಳಿಗ್ಗೆ ಹಳೆಯ ಟೇಬಲ್ ಫ್ಯಾನ್ ವೈರಿನ ಒಂದೇ ಒಂದು ತಾಮ್ರದ ಎಳೆ ತೂರಿಸಿದೆ. ಒಂದು ಸಲ ಬಾಗಿತು, ಎರಡನೇ ಸಲ ಬಾಗಿತು, ಮೂರನೇ ಸಲ ಆಚೆ ಬಂತು. ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿ ಮತ್ತೆ ಎತ್ತಿ ಹಿಡಿದಾಗ ಸೂಜಿಮೊನೆಯಷ್ಟು ಬೆಳಕು, ಪೂರ್ತಿ ದುಂಡಗೆ. ಆ ಕ್ಲೀನರ್ ರಬ್ಬರ್ ತಿನ್ನುತ್ತದೆ, ಓ-ರಿಂಗ್‌ಗಳನ್ನು ಮೊದಲೇ ತೆಗೆದಿಡಿ. ಗಾಳಿಯ ಪಾಲು ಹೊಂದಿಸುವ ಏರ್ ಸ್ಕ್ರೂ ಬಿಚ್ಚುವ ಮುಂಚೆ ಅದನ್ನು ಪೂರ್ತಿ ಒಳಗೆ ತಿರುಗಿಸಿ, ಎಷ್ಟು ಸುತ್ತು ಆಯಿತು ಅಂತ ಗೋಡೆ ಮೇಲಾದರೂ ಬರೆದುಕೊಳ್ಳಿ.

ನಾಲ್ಕು ಕಿಲೋಮೀಟರ್ ಆದ ಮೇಲೆ

ಗಾಡಿ ಈಗ ಚೋಕ್ ಇಲ್ಲದೆ ಟಕಟಕ ಅಂತ ನಿಂತಿತು. ಸಂತೋಷಕ್ಕೆ ಬಂಕ್‌ಗೆ ಹೋಗಿ ಟ್ಯಾಂಕ್ ಫುಲ್ ಮಾಡಿಸಿದೆ. ನಾಲ್ಕು ಕಿಲೋಮೀಟರ್ ಆದ ಮೇಲೆ ಎಳೆತ ಕಡಿಮೆಯಾಗಿ, ಎರಡು ಸಲ ಜಗ್ಗಿ, ನಿಂತಿತು. ಐದು ನಿಮಿಷ ಮರದಡಿ ಕೂತು ಕಿಕ್ ಹೊಡೆದರೆ ಒಂದೇ ಕಿಕ್‌ಗೆ ಸ್ಟಾರ್ಟ್. ಮತ್ತೆ ಎರಡು ಕಿಲೋಮೀಟರ್, ಮತ್ತೆ ಆಫ್.

ಮೂರನೇ ಸಲ ನಿಂತಾಗ ಟ್ಯಾಂಕ್ ಮುಚ್ಚಳ ತೆಗೆದೆ. ಸುಸ್ ಅಂತ ಗಾಳಿ ಒಳಗೆ ಎಳೆದುಕೊಂಡ ಸದ್ದು.

ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ಸರಿಯಾಗಿ ಬರುವುದಿಲ್ಲ, ಗಾಳಿ ಹೋಗಲು ಇನ್ನೊಂದು ತೂತು ಬೇಕು. ಟ್ಯಾಂಕ್‌ಗೆ ಆ ಎರಡನೇ ತೂತು ಮುಚ್ಚಳದಲ್ಲಿದೆ. ಅದು ಮುಚ್ಚಿದರೆ ಪೆಟ್ರೋಲ್ ಇಳಿದ ಹಾಗೆ ಒಳಗೆ ನಿರ್ವಾತ ಬೆಳೆದು, ಕೊನೆಗೆ ಪೆಟ್ರೋಲ್ ಇಳಿಯದೆ ನಿಲ್ಲುತ್ತದೆ. ಬಾಟಲಿ ಪರೀಕ್ಷೆಯಲ್ಲಿ ಧಾರೆ ನಿಧಾನಕ್ಕೆ ಸಣ್ಣಗಾಗುವುದೂ ಇದರಿಂದಲೇ. ನಾನು ಆ ಪರೀಕ್ಷೆ ಮಾಡಿದ್ದು ಮುಚ್ಚಳ ತೆಗೆದಿಟ್ಟು, ಹಾಗಾಗಿ ಕಾಣಲಿಲ್ಲ. ಟ್ಯಾಂಕ್ ಫುಲ್ ಮಾಡಿಸಿದ ಮೇಲೆ ರೋಗ ಬೇಗ ಎದ್ದಿತು, ಯಾಕೆಂದರೆ ಮೇಲೆ ಉಳಿದ ಗಾಳಿ ಸ್ವಲ್ಪವೇ. ಮುಚ್ಚಳದ ತೂತಿನಲ್ಲಿ ಕುಂಬಾರ ಹುಳ ಮೆತ್ತಿದ ಮಣ್ಣಿತ್ತು. ಹಲ್ಲುಜ್ಜುವ ಬ್ರಷ್ಷಿನ ಎರಡು ಕೂದಲು ಸಾಕಾಯಿತು. ಎರಡು ದಿನ ಕಾರ್ಬೋರೇಟರ್ ಜೊತೆ ಗುದ್ದಾಡಿದವನಿಗೆ ಇದು ಸ್ವಲ್ಪ ಅವಮಾನವೇ.

ಅಂದಹಾಗೆ, ಆ ಹುಳ ಕಾರ್ಬೋರೇಟರ್‌ನ ಗಾಳಿ ಪೈಪ್‌ನಲ್ಲೂ ಗೂಡು ಕಟ್ಟುತ್ತದೆ. ಏರ್ ಫಿಲ್ಟರ್ ಡಬ್ಬಿಯಲ್ಲಿ ಇಲಿ ಸಂಸಾರ ಹೂಡಿರಬಹುದು, ಅದನ್ನೂ ತೆರೆದು ನೋಡಿ.

ಪೆಟ್ರೋಲ್ ಜಾಸ್ತಿ ಬಂದರೆ

ಫ್ಲೋಟ್ ಸೂಜಿ ಮುಚ್ಚಿ ಅಂಟಿಕೊಳ್ಳುವ ಬದಲು ತೆರೆದೇ ಉಳಿಯಬಹುದು, ಅಥವಾ ಗೂಡಿನಲ್ಲಿ ತುಕ್ಕಿನ ಒಂದು ಕಣ ಕೂರಬಹುದು. ಆಗ ಕೆಳಗಿನ ಪೈಪ್‌ನಿಂದ ಪೆಟ್ರೋಲ್ ಸೋರುತ್ತದೆ, ಓವರ್‌ಫ್ಲೋ ಅಂತಾರಲ್ಲ, ಅದು. ಕಾಣುವ ಸೋರಿಕೆಯಾದರೆ ಗೊತ್ತಾದರೂ ಆಗುತ್ತದೆ. ಕೆಲವು ಗಾಡಿಗಳಲ್ಲಿ ಅದು ಹೊರಗೆ ಬರದೆ ಎಂಜಿನ್ ಒಳಗೆ ಇಳಿದು ಆಯಿಲ್‌ಗೆ ಸೇರುತ್ತದೆ. ಆಯಿಲ್ ಕಡ್ಡಿ ತೆಗೆದು ನೋಡಿ. ಮಟ್ಟ ಏರಿದ್ದು ಪೆಟ್ರೋಲ್ ವಾಸನೆ ಬಂದರೆ ಗಾಡಿ ಸ್ಟಾರ್ಟ್ ಮಾಡಬೇಡಿ. ತೆಳ್ಳಗಾದ ಆಯಿಲ್ ಬೇರಿಂಗನ್ನು ಕಾಯುವುದಿಲ್ಲ. ಸೂಜಿ ಸರಿಮಾಡಿ, ಆಯಿಲ್ ಬದಲಿಸಿ, ಆಮೇಲೆ ಕಿಕ್.

ಹೊಸ ಗಾಡಿಗಳ ದಾರಿ

2020ರ ಏಪ್ರಿಲ್ 1ರಿಂದ ಹೊಗೆ ಮಾಲಿನ್ಯದ ಬಿಎಸ್6 ನಿಯಮ ಬಂದ ಮೇಲೆ ಹೆಚ್ಚಿನ ಬೈಕ್‌ಗಳಲ್ಲಿ ಕಾರ್ಬೋರೇಟರ್ ಹೋಗಿ, ಪೆಟ್ರೋಲನ್ನು ಇಂಜೆಕ್ಟರ್‌ನಿಂದ ಸಿಂಪಡಿಸುವ ಫ್ಯೂಯೆಲ್ ಇಂಜೆಕ್ಷನ್ ಬಂದಿದೆ. ಟ್ಯಾಂಕ್ ಒಳಗಿನ ಪಂಪ್ ಪೆಟ್ರೋಲನ್ನು ಸುಮಾರು 3 ಬಾರ್ ಒತ್ತಡದಲ್ಲಿ ತಳ್ಳುತ್ತದೆ, ಕಾರ್ ಟೈರಿನ ಗಾಳಿಗಿಂತ ಜಾಸ್ತಿ. ಹಾಗಾಗಿ ಪೈಪ್ ಬಿಡಿಸಿ ನೋಡುವ ಆಟ ಇಲ್ಲಿ ಬೇಡ. ಕೀ ಆನ್ ಮಾಡಿ ಕಿವಿಗೊಡಿ. ಎರಡು ಮೂರು ಸೆಕೆಂಡ್ ಝೂಂ ಅಂದರೆ ಪಂಪ್ ತಿರುಗಿದೆ. ಸದ್ದೇ ಇಲ್ಲದಿದ್ದರೆ ಕಿಲ್ ಸ್ವಿಚ್, ಬ್ಯಾಟರಿ, ಫ್ಯೂಸ್, ಈ ಕ್ರಮದಲ್ಲಿ ನೋಡಿ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಬ್ಯಾಟರಿಯೇ ಸತ್ತಿರುವುದು ಜಾಸ್ತಿ. ಇವೆಲ್ಲ ಸರಿಯಿದ್ದೂ ಸದ್ದಿಲ್ಲ ಅಂದರೆ ಪಂಪ್ ಅಂಟಿನಲ್ಲಿ ಸಿಕ್ಕಿರಬಹುದು. ಸದ್ದಿದ್ದೂ ಸ್ಟಾರ್ಟ್ ಆಗದಿದ್ದರೆ ಪಂಪ್‌ನ ಜಾಲರಿ ಅಥವಾ ಇಂಜೆಕ್ಟರ್. ಅಲ್ಲಿಂದ ಮುಂದೆ ಒತ್ತಡ ಅಳೆಯುವ ಮೀಟರ್ ಇರುವವರ ಕೆಲಸ.

ನನ್ನ ಹಳಸಿದ ಪೆಟ್ರೋಲ್ ಮೂರು ಲೀಟರ್ ಇತ್ತು. ಚರಂಡಿಗೆ ಚೆಲ್ಲಿದರೆ ಬಾವಿಗೇ ಇಳಿಯುವ ಊರು ನಮ್ಮದು. ಮೆಕ್ಯಾನಿಕ್ ಅಣ್ಣ ಚೈನ್, ಗೇರ್ ತೊಳೆಯಲು ಬೇಕು ಅಂತ ಕ್ಯಾನ್ ಸಮೇತ ಇಟ್ಟುಕೊಂಡರು. "ಹೋಗುವಾಗ ಬೌಲ್ ಖಾಲಿ ಮಾಡಿ ಹೋಗು, ಟ್ಯಾಂಕ್ ತುಂಬಿಸಿ ಹೋಗು" ಅಂದರು, ಅಷ್ಟೇ.

ಪುಣೆಗೆ ಹೊರಡುವ ಹಿಂದಿನ ಸಂಜೆ ಟ್ಯಾಂಕ್ ತುಂಬಿಸಿ ತಂದು, ಅಂಗಳದಲ್ಲಿ ಕಾಕ್ ಮುಚ್ಚಿ ಗಾಡಿಯನ್ನು ಓಡಲು ಬಿಟ್ಟೆ. ಅಪ್ಪ ಕುರ್ಚಿ ತಂದು ಕೂತರು. ಸ್ವಲ್ಪ ಹೊತ್ತು ನೆಮ್ಮದಿಯಾಗಿ ಓಡಿತು. ಆಮೇಲೆ ಸದ್ದು ಒಮ್ಮೆ ಏರಿ, ಇಳಿದು, ತಾನಾಗಿ ನಿಂತಿತು. ಡ್ರೇನ್ ಸ್ಕ್ರೂ ತೆಗೆದೆ. ನಾಲ್ಕು ಹನಿ ಬಿತ್ತು, ನೀರಿನಷ್ಟು ತಿಳಿ.